ಹಿಂದಿನ ಸೀಟಿನ ಬಾಯಾರಿಕೆ

ಜುಲೈ 6, ಮಂಗಾಲಿಯಾ, ಸಮುದ್ರದ ದಡ

ನನ್ನ ಗಂಡ ಹೊರಿಯಾನ ಅಕ್ಕ ಇವತ್ತು ನನ್ನ ಚೀಲವನ್ನು ತೂಕದ ಕೊಕ್ಕೆಗೆ ಸಿಕ್ಕಿಸಿ ತೂಗಿದಳು. ಕೇಳಲಿಲ್ಲ, ಹೇಳಲಿಲ್ಲ. ಒಳಗಿದ್ದುದನ್ನೆಲ್ಲ ಹಾಸಿಗೆಯ ಮೇಲೆ ಸುರಿದು, "ಇದೇನಿದು ರಟ್ಟಿನ ಕಟ್ಟು? ಇಟ್ಟಿಗೆ ಇದ್ದಂಗಿದೆ," ಎಂದಳು. ಬ್ರೈಲ್ ಕಾಗದ, ದಿನಚರಿ ಬರೆಯುವುದಕ್ಕೆ ಎಂದೆ. "ಬರೆಯೋಕೆ ಏನಿದೆ ಅದರಲ್ಲಿ? ತುಳಿಯೋದು, ತಿನ್ನೋದು, ಮಲಗೋದು." ಕಟ್ಟನ್ನು ಅವಳ ಕೈಯಿಂದ ಕಿತ್ತುಕೊಂಡೆ.

ಈ ಚುಕ್ಕೆಗಳನ್ನು ಅವಳು ದಿನವಿಡೀ ದಿಟ್ಟಿಸಿದರೂ ಒಂದಕ್ಷರ ತಿಳಿಯುವುದಿಲ್ಲ. ಆದ್ದರಿಂದ ಇಲ್ಲಿ ಸ್ಪಷ್ಟವಾಗಿಯೇ ಚುಚ್ಚಿಡುತ್ತೇನೆ. ನನಗೆ ಆ ಹೆಂಗಸನ್ನು ಕಂಡರಾಗದು. ಕಾಣದೆಯೂ ಆಗದು. ಸವಾರಿ ನಡೆಸುವ ಸಂಘದ ಪಟ್ಟಿಯಲ್ಲಿ ನನ್ನ ಹೆಸರಿನ ಪಕ್ಕದಲ್ಲಿ ಅವಳ ಹೆಸರಿದೆ: ಸಫ್ತಾ. ಆ ಹೆಸರನ್ನು ನಾನು ಬಾಯಲ್ಲಿ ತರುವುದಿಲ್ಲ. ಎದುರಿಗೆ 'ಅತ್ತಿಗೆ' ಎನ್ನುತ್ತೇನೆ, 'ನೀವು' ಎನ್ನುತ್ತೇನೆ, ಎರಡನ್ನೂ ಬಾಗಿಲು ಹಾಕಿದ ಹಾಗೆ ಹೇಳುತ್ತೇನೆ. ನಮ್ಮ ಮದುವೆಯ ದಿನ ಅಡುಗೆಮನೆಯಲ್ಲಿ ನಿಂತು, "ನನ್ನ ತಮ್ಮ ಹೆಂಡತಿಯನ್ನ ತರ್ತಿಲ್ಲ, ಜೀವಮಾನದ ಕೆಲಸ ತರ್ತಿದ್ದಾನೆ," ಎಂದವಳು ಅವಳು. ಕುರುಡಿಗೆ ಕಿವಿಯೂ ಇಲ್ಲ ಎಂದುಕೊಂಡಿದ್ದಳೇನೋ.

ಆದರೆ ಅವಳಿಲ್ಲದೆ ನಾನು ಹೊರಡುವ ಹಾಗಿಲ್ಲ. ಸಮುದ್ರದಿಂದ ಮಾರಾಮುರೆಶ್ ಬೆಟ್ಟಗಳವರೆಗಿನ ಈ ಸವಾರಿಯನ್ನು ನಾನೂ ಹೊರಿಯಾನೂ ಎರಡು ಸಲ ಅರ್ಧಕ್ಕೆ ಬಿಟ್ಟಿದ್ದೇವೆ. ಒಮ್ಮೆ ಚಕ್ರ ಮುರಿಯಿತು, ಇನ್ನೊಮ್ಮೆ ಏರಿನಲ್ಲಿ ಅವನ ಎದೆ ಹಿಡಿದುಕೊಂಡಿತು. ಮಾರ್ಚಿನಲ್ಲಿ ಸ್ಟೆಂಟ್ ಹಾಕಿದರು. ಇನ್ನು ಸೈಕಲ್ ಮುಟ್ಟಬೇಡಿ ಎಂದರು ಡಾಕ್ಟರು. ಜೋಡಿ ಸೈಕಲಿನ ಮುಂದಿನ ಸೀಟಿಗೆ ಕಣ್ಣಿರುವ ಒಬ್ಬರು ಬೇಕು. ಅವಳು ಹರೆಯದಲ್ಲಿ ಬಟ್ಟೆ ಗಿರಣಿಯ ಮಹಿಳಾ ಸೈಕಲ್ ತಂಡದಲ್ಲಿ ಓಡಿಸಿದವಳು, ಈಗ ರೊಟ್ಟಿ ಅಂಗಡಿ. "ಈ ಒಂದು ಸಲ ಅಷ್ಟೆ. ಆಮೇಲೆ ನನ್ನನ್ನ ಕೇಳ್ಬೇಡಿ," ಎಂದಳಂತೆ. ಅಂದರೆ ನನಗೂ ಇದೇ ಕೊನೆಯದು. ಹದಿನಾರನೆಯ ತಾರೀಖು ಸಂಜೆ ಆರಕ್ಕೆ, ಆ ಬೆಟ್ಟಗಳ ಬೋರ್ಷಾದಲ್ಲಿ ಮುಕ್ತಾಯದ ಗೆರೆ ಮುಚ್ಚುತ್ತಾರೆ.

ಊಟದ ಹೊತ್ತಿಗೆ ಅವಳ ಕಾನೂನು ಪ್ರಕಟವಾಯಿತು. ಗಂಟೆಗೊಮ್ಮೆ ನೀರು. ಎರಡು ಗಂಟೆಗೊಮ್ಮೆ ಉಚ್ಚೆ. ಮಧ್ಯೆ ನಿಲ್ಲಿಸುವುದಿಲ್ಲ. ನಾನೇನು ವೇಳಾಪಟ್ಟಿಯ ಬಸ್ಸೇ?

ಜುಲೈ 7, ಮೆಜಿದಿಯಾ

ಗಾಳಿ ದಿನವಿಡೀ ಬಲಗೆನ್ನೆಗೆ ಹೊಡೆಯಿತು. ಎರಡೂ ಕಡೆ ಸೂರ್ಯಕಾಂತಿಯ ಜಿಡ್ಡು ವಾಸನೆ.

ಅವಳ ಕೈಗಡಿಯಾರ ಮೊದಲ ಸಲ ಕೂಗಿದಾಗ "ಕುಡಿ" ಎಂದಳು, ಕುಡಿದೆ. ಎರಡನೆಯ ಸಲ ಕೂಗಿದಾಗ ಸೈಕಲ್ ನಿಲ್ಲಿಸಿ, ಹಿಂದೆ ಮುಂದೆ ಇದ್ದ ಸವಾರರಿಗೆಲ್ಲ ಕೇಳುವ ಹಾಗೆ, "ಸಾಂಡಾ, ಉಚ್ಚೆ ಬಂದಿದೆಯಾ?" ಎಂದಳು. ಯಾರೋ ಗಂಡಸು ಕೆಮ್ಮಿದ. ನನ್ನ ಕಿವಿಯ ತುದಿ ಸುಟ್ಟುಹೋಯಿತು.

ಬಂದಿತ್ತು. ಹೊಲದೊಳಕ್ಕೆ ತೋಳು ಹಿಡಿದು ಎಳೆದುಕೊಂಡು ಹೋದಳು. "ಇಲ್ಲೇ ಕೂತ್ಕೋ. ಯಾರೂ ಇಲ್ಲ." ನಮ್ಮ ಸವಾರಿ ಚಡ್ಡಿಗೆ ಭುಜದ ಮೇಲೆ ಪಟ್ಟಿಗಳಿರುತ್ತವೆ. ಮೊದಲು ಮೇಲಂಗಿ ಬಿಚ್ಚಬೇಕು, ಆಮೇಲೆ ಪಟ್ಟಿ ಇಳಿಸಬೇಕು, ಆಮೇಲೆ ಚಡ್ಡಿ. ಇದನ್ನು ಹೊಲಿದವನು ಖಂಡಿತ ಗಂಡಸೇ. ಅರ್ಧ ಬತ್ತಲಾಗಿ ಕೂತಿದ್ದೆ. ಎರಡು ಮಾರಿನಾಚೆಯಿಂದ ಒಬ್ಬ ಮುದುಕನ ದನಿ ಬಂತು: "ನಮಸ್ಕಾರ ತಾಯಿ. ಸ್ವಲ್ಪ ಎಡಕ್ಕೆ ಜರುಗಿದ್ರೆ ಒಳ್ಳೇದು, ಅಲ್ಲಿ ನನ್ನ ಜೇನುಪೆಟ್ಟಿಗೆ ಇದೆ."

ಅವಳು ನಕ್ಕಳು. ದಾರಿಯುದ್ದಕ್ಕೂ ಬಿಟ್ಟು ಬಿಟ್ಟು ನಕ್ಕಳು, ಸೈಕಲಿನ ಕಂಬಿಯಲ್ಲೆಲ್ಲ ಆ ನಗು ನಡುಗುತ್ತ ನನ್ನ ಸೀಟಿಗೆ ಬರುತ್ತಿತ್ತು. ಅವಳಿಗೆ ಪೆಟ್ಟಿಗೆ ಕಂಡಿತ್ತಂತೆ, ಮುದುಕ ಕಂಡಿರಲಿಲ್ಲವಂತೆ.

ಹೊರಿಯಾನಿಗೆ ನಾನು ಒಂದು ಸಲವೂ ಬಾಯಿ ಬಿಟ್ಟು ಹೇಳಿದ್ದಿಲ್ಲ. ನಾನು ಕೂತ ಭಂಗಿಯಲ್ಲೇ ಅವನಿಗೆ ತಿಳಿಯುತ್ತಿತ್ತು. ಸದ್ದಿಲ್ಲದೆ ನಿಲ್ಲಿಸುತ್ತಿದ್ದ, ಮೊಣಕೈ ಹಿಡಿಯುತ್ತಿದ್ದ, ಕಾಗದ ಕೈಗಿಡುತ್ತಿದ್ದ. ಮಾತೇ ಬೇಕಿರಲಿಲ್ಲ.

ಸಂಜೆ ಮಲಗಿಕೊಂಡು ಯೋಚಿಸಿದೆ. ಕುಡಿಯದಿದ್ದರೆ ಇಳಿಯಬೇಕಾಗಿಲ್ಲ. ಇಳಿಯದಿದ್ದರೆ ಅವಳ ಕೈ ಹಿಡಿಯಬೇಕಾಗಿಲ್ಲ.

ಜುಲೈ 8, ಹರ್ಶೋವಾ

ಬಹಳ ಸುಲಭ. ಗಡಿಯಾರ ಕೂಗುತ್ತದೆ, ಬಾಟಲಿ ಎತ್ತುತ್ತೇನೆ, ಗಂಟಲಲ್ಲಿ ಗುಟುಕು ಇಳಿದ ಸದ್ದು ಮಾಡುತ್ತೇನೆ, ಇಡುತ್ತೇನೆ. ಅವಳ ಕಣ್ಣು ದಾರಿಯ ಮೇಲಿರುತ್ತದೆ. ಕಣ್ಣಿದ್ದವರನ್ನು ಮೋಸಗೊಳಿಸುವುದು ಇಷ್ಟು ಹಗುರ ಎಂದು ಗೊತ್ತಿರಲಿಲ್ಲ. ಬೆಳಗ್ಗೆ ಒಂದು ಲೋಟ, ಸಂಜೆ ತಂಗುವ ಮನೆಯಲ್ಲಿ ಒಂದು ಲೋಟ, ಅಲ್ಲಿ ಶೌಚದ ಕೋಣೆಗೆ ಗೋಡೆ ತಡವಿಕೊಂಡು ನಾನೇ ಹೋಗುತ್ತೇನೆ.

ದಾರಿಯಲ್ಲಿ ಅವಳ ಅಂಗಡಿಯ ಉಪ್ಪು ಉದುರಿಸಿದ ಬಳೆರೊಟ್ಟಿ ಕೊಟ್ಟಳು, ಹಂದಿಕೊಬ್ಬಿನ ಚೂರು ಕೊಟ್ಟಳು. ನುಂಗಲು ಬಾಯಲ್ಲಿ ಎಂಜಲಿರಲಿಲ್ಲ. ಅರ್ಧ ಜೇಬಿಗಿಳಿಸಿದೆ. ತಲೆ ನೋಯುತ್ತಿದೆ. ಅವಳು ಸ್ನಾನದ ಮನೆಯಲ್ಲಿ ಹಾಡುತ್ತಿದ್ದಾಳೆ, ಅದಕ್ಕಿರಬೇಕು.

ಜುಲೈ 9, ಫೌರೆಯ್

ಬರಗಾನ್ ಬಯಲು. ಒಂದು ಮರದ ನೆರಳೂ ಮೈಮೇಲೆ ಹಾಯಲಿಲ್ಲ. ನೆರಳು ಹಾಯ್ದರೆ ನನಗೆ ಗೊತ್ತಾಗುತ್ತದೆ.

ಮಧ್ಯಾಹ್ನ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಳು. ಅವಳಿಗೇ ಅವಸರವಾಗಿತ್ತು. ಗಲ್ಲಾದ ಹುಡುಗಿ ಚೂಯಿಂಗ್ ಗಮ್ ಜಗಿಯುತ್ತ, "ಟಾಯ್ಲೆಟ್ ಬೀಗದಕೈ ಗಿರಾಕಿಗಳಿಗೆ ಮಾತ್ರ," ಎಂದಳು.

"ಸೈಕಲ್ಲಿಗೆ ಪೆಟ್ರೋಲ್ ಹಾಕ್ಸಲೇನು?" ಎಂದಳು ಹೊರಿಯಾನ ಅಕ್ಕ.

"ಅದು ನನಗೆ ಗೊತ್ತಿಲ್ಲ ಮೇಡಂ. ಮಾಲೀಕರ ಮಾತು." ಆಮೇಲೆ ದನಿ ತಗ್ಗಿಸಿ, "ಬೇಕಿದ್ರೆ ಈಯಮ್ಮ ಹೋಗ್ಲಿ. ಪಾಪ, ಕಣ್ಣಿಲ್ಲ."

"ಅವಳಿಗೆ ಕಣ್ಣಿಲ್ಲ. ಅದಕ್ಕೆ ನನಗೆ ಮೂತ್ರಕೋಶ ಇರಬಾರದಾ?"

ಬೀಗದಕೈ ನನ್ನ ಅಂಗೈಗೆ ಬಂತು. ತಣ್ಣಗಿತ್ತು, ಒಂದು ಮರದ ತುಂಡಿಗೆ ಕಟ್ಟಿದ್ದರು. ಬೆಳಗಿನಿಂದ ತಡೆದುಕೊಂಡು ನನ್ನ ಹೊಟ್ಟೆಯ ಕೆಳಗೆ ಕಲ್ಲು ಕೂತಂತಾಗಿತ್ತು. ಆದರೆ ಆ 'ಪಾಪ' ನನ್ನ ಮುಖದ ಮೇಲೆ ನೊಣದ ಹಾಗೆ ಕೂತುಬಿಟ್ಟಿತ್ತು. "ನನಗೆ ಬೇಡ," ಎಂದು ಬೀಗದಕೈಯನ್ನು ಗಲ್ಲಾದ ಮೇಲೆ ಕುಕ್ಕಿದೆ.

ಅವಳು ಹೊರಗೆ ಬಂದು ಬಂಕಿನ ಹಿಂದಿನ ಗೋಡೆಯ ಬುಡಕ್ಕೇ ಕೂತಳು. ಹುಡುಗಿ ಕೂಗಾಡಿದಳು, ಇವಳು ಕೂತಲ್ಲಿಂದಲೇ ತಿರುಗಿ ಕೂಗಾಡಿದಳು. ಮತ್ತೆ ಸೈಕಲ್ ಹತ್ತುವಾಗ ನನ್ನನ್ನು, "ನಿಜವಾಗ್ಲೂ ಬೇಡವಾ ನಿನಗೆ? ನಿನ್ನೆಯಿಂದ ಒಂದು ಸಲಾನೂ ಇಳಿದಿಲ್ಲ," ಎಂದಳು.

"ನನ್ನ ಮೈ ನಿಮ್ಮ ಗಡಿಯಾರ ಕೇಳಿ ನಡೆಯಲ್ಲ, ಅತ್ತಿಗೆ."

"ಆಯ್ತು ಮಹಾರಾಣಿ."

ಈಗ ಹೋದರೆ ಬೆಂಕಿಯಂತೆ ಉರಿಯುತ್ತದೆ. ಎರಡು ಹನಿ ಬರುತ್ತದೆ, ನಿಲ್ಲುತ್ತದೆ. ನಾಳೆಗೆ ಸರಿಹೋಗುತ್ತದೆ.

ಜುಲೈ 11, ರಮ್ನಿಕು ಸರತ್

ನಿನ್ನೆ ಬರೆಯಲಾಗಲಿಲ್ಲ.

ಜೋಡಿ ಸೈಕಲಿನಲ್ಲಿ ಮುಂದಿನವಳ ತುಳಿತವೇ ಹಿಂದಿನವಳ ಕಾಲನ್ನೂ ತಿರುಗಿಸಿಕೊಂಡು ಹೋಗುತ್ತದೆ. ಆದ್ದರಿಂದ ನನ್ನ ಕಾಲು ಯಾವಾಗ ಕೆಲಸ ನಿಲ್ಲಿಸಿತು ಎಂಬುದು ನನಗೇ ತಿಳಿಯಲಿಲ್ಲ. "ತುಳೀತಿದ್ದೀಯೋ, ಸುಮ್ನೆ ಕೂತಿದ್ದೀಯೋ?" ಎಂದು ಅವಳು ಬೈದದ್ದು ಬಾವಿಯೊಳಗಿನಿಂದ ಕೇಳಿದಂತೆ ಕೇಳಿಸಿತು. ಆ ಉರಿಬಿಸಿಲಲ್ಲಿ ನನಗೆ ಚಳಿಯಾಗುತ್ತಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು. ಅದನ್ನು ಹೇಳಬೇಕೆಂದು ಬಾಯಿ ತೆರೆದೆ. ಆಮೇಲೆ ಜಲ್ಲಿಕಲ್ಲು, ಮೊಣಕೈಯಲ್ಲಿ ರಕ್ತ, ನನ್ನ ಮೇಲೆ ಸೈಕಲ್, ಸೈಕಲಿನ ಮೇಲೆ ಅವಳು.

ಮುಖಕ್ಕೆ ಹಾಕಲು ನನ್ನ ಬಾಟಲಿ ಎಳೆದಳು. ಅಲ್ಲಾಡಿಸಿದ ಸದ್ದು ಕೇಳಿಸಿತು. ತುಂಬಿದ ಬಾಟಲಿ ಅಲ್ಲಾಡಿಸಿದರೆ ಸದ್ದು ಮಾಡುವುದೇ ಇಲ್ಲ, ಅದನ್ನೇ ಕೇಳಿಸಿಕೊಂಡೆ ಎನ್ನಬೇಕು.

"ಬೆಳಗ್ಗೆ ನಾನೇ ತುಂಬಿದ್ದು," ಎಂದಳು. "ಕತ್ತಿನವರೆಗೂ ಹಂಗೇ ಇದೆ." ಆ ನೀರನ್ನು ನನ್ನ ಮುಖಕ್ಕೆ ಸುರಿದಳು. "ಎಷ್ಟು ದಿನದಿಂದ ನಡೀತಿದೆ ಈ ನಾಟಕ? ನಾಳೆ ನಿನಗೇನಾದ್ರೂ ಆದ್ರೆ ಹೊರಿಯಾ ಮುಂದೆ ನಾನು ಯಾವ ಮುಖ ಇಟ್ಕೊಂಡು ನಿಲ್ಲಲಿ?"

"ನಿನ್ನ ಮುಖ ಹೆಂಗಿದ್ರೆ ನನಗೇನು. ನಿನ್ನ ಹತ್ರ ಅಂಗಲಾಚೋದಕ್ಕಿಂತ ಒಣಗಿ ಸಾಯೋದೇ ವಾಸಿ."

"ಅಂಗಲಾಚು ಅಂತ ಯಾರೇ ಅಂದ್ರು ನಿನಗೆ? 'ನಿಲ್ಲಿಸು' ಅನ್ನು. ಅಷ್ಟೇ. ನಾಯಿನೂ ಬಾಗಿಲು ಕೆರೆದು ಹೇಳುತ್ತೆ."

ರಸ್ತೆಬದಿಯ ಚರಂಡಿಗೆ ಇಳಿಸಿದಳು. ಹರಿತವಾದ ಗಾಜು ಹೊರಬಂದಂತೆ ಬಂತು. ಕಿರುಚಬಾರದೆಂದು ತೋಳು ಕಚ್ಚಿಕೊಂಡೆ.

"ಪಕ್ಕಕ್ಕೆ ಸರಿ, ನಾನು ನೋಡ್ಬೇಕು."

"ಏನನ್ನ?"

"ಬಣ್ಣ. ನೀನು ನೋಡ್ತೀಯಾ?"

ಇದಕ್ಕಿಂತ ಅವಮಾನ ಇನ್ನೊಂದಿಲ್ಲ ಎಂದುಕೊಂಡು ಸರಿದೆ. ಅವಳು ಬಗ್ಗಿದ ಸದ್ದಾಯಿತು. ಮತ್ತೆ ಮಾತಾಡಿದಾಗ ದನಿ ತಗ್ಗಿತ್ತು. ಆ ಹೆಂಗಸಿಗೆ ತಗ್ಗಿದ ದನಿ ಇದೆ ಎಂದೇ ನನಗೆ ಗೊತ್ತಿರಲಿಲ್ಲ. "ರಕ್ತ ಇದೆ, ಸಾಂಡಾ."

ಊರಿನ ಆಸ್ಪತ್ರೆಯ ಡಾಕ್ಟರಮ್ಮ ನನ್ನ ತಲೆಯ ಮೇಲಿಂದ ಅವಳನ್ನು ಕೇಳಿದರು, "ಇವರು ನೀರು ಬಿಟ್ಟು ಎಷ್ಟು ದಿನ ಆಯ್ತು?"

"ಅವಳನ್ನೇ ಕೇಳಿ," ಎಂದಳು ಹೊರಿಯಾನ ಅಕ್ಕ. "ಕಣ್ಣಿಲ್ಲ ಅಷ್ಟೆ. ನಾಲಿಗೆ ಇದೆ, ಅದೂ ಸಾಕಷ್ಟು ಉದ್ದ ಇದೆ."

ಸೋಂಕು. ಗುಳಿಗೆ ಕೊಟ್ಟರು. ಸೂಜಿಯಿಂದ ಬಾಟಲಿಗಟ್ಟಲೆ ನೀರು ಇಳಿಸಿದರು. ಒಂದು ದಿನ ಅಲ್ಲಾಡಬೇಡಿ, ಆಮೇಲೆ ರೈಲು ಹತ್ತಿ ಮನೆಗೆ ಹೋಗಿ ಎಂದರು.

"ಡಾಕ್ಟರು ಮನೆಗೆ ಹೋಗಿ ಅಂತಿದ್ದಾರೆ. ಏನಂತೀಯ?"

"ಹೋಗಲ್ಲ."

"ಗೊತ್ತಿತ್ತು." ಕುರ್ಚಿ ಎಳೆದು ಕೂತಳು. "ಹಂಗಾದ್ರೆ ಖಾಲಿ ಮಾಡಿದ ಬಾಟಲಿ ಪ್ರತಿಸಲ ನನ್ನ ಕೈಗೆ ಕೊಡ್ಬೇಕು. ನಾನು ತಲೆಕೆಳಗು ಮಾಡಿ ನೋಡ್ತೀನಿ."

ಜೈಲು. ಆದರೆ ಸವಾರಿ ಮುಂದುವರಿಯುತ್ತದೆ.

ಜುಲೈ 12, ಅಜ್ಜುದ್

ಕುಡಿಯುವುದು, ನಿಲ್ಲಿಸುವುದು. ಕುಡಿಯುವುದು, ನಿಲ್ಲಿಸುವುದು. ಡಾಕ್ಟರಮ್ಮನ ಗುಳಿಗೆಗೆ ಹೊಳೆಯೇ ಹರಿಯಬೇಕಂತೆ. ಉಳಿದ ಸವಾರರೆಲ್ಲ ಒಂದು ದಿನ ಮುಂದಿದ್ದಾರೆ, ರಸ್ತೆಯಲ್ಲಿ ನಾವಿಬ್ಬರೇ. ಅದೊಂದು ಪುಣ್ಯ, ಕೆಮ್ಮುವ ಗಂಡಸರಿಲ್ಲ.

ಮೊದಲ ಸಲ ಆ ಮಾತು ಹೇಳಲು ನನಗೆ ಒಂದು ಇಡೀ ಊರು ದಾಟುವಷ್ಟು ಹೊತ್ತು ಬೇಕಾಯಿತು. ನಾಲಿಗೆಯ ತುದಿಗೆ ಬರುವುದು, ಒಳಕ್ಕೆ ಹೋಗುವುದು. ಕೊನೆಗೆ ಅವಳ ಬೆನ್ನಿಗೆ ಉಗುಳಿದಂತೆ ಹೇಳಿದೆ: "ನಿಲ್ಲಿಸು." ತಕ್ಷಣ ಬ್ರೇಕ್ ಬಿತ್ತು, ನನ್ನ ಹಣೆ ಅವಳ ಬೆನ್ನಿಗೆ ಗುದ್ದಿತು. "ನಿಲ್ಲಿಸು ಅಂದ್ಯಲ್ಲ," ಎಂದಳು.

ಅವಳಿಗೆ ಜಾಗ ವಿವರಿಸಲು ಬರುವುದಿಲ್ಲ. "ಅಲ್ಲಿ" ಎನ್ನುತ್ತಾಳೆ. 'ಅಲ್ಲಿ' ಎಂದರೆ ನನಗೇನು ಗೊತ್ತಾಗಬೇಕು? ಬೈದೆ. ಅವಳೂ ಬೈದಳು. ಮಧ್ಯಾಹ್ನದ ಹೊತ್ತಿಗೆ, "ಬಲಗಡೆ ಚರಂಡಿ, ಒಂದು ಹೆಜ್ಜೆ ಅಗಲ. ದಾಟಿದ್ರೆ ಜೋಳ, ನಿನ್ನ ತಲೆಗಿಂತ ಎತ್ತರ. ಮೂರನೇ ಸಾಲಿಗೆ ಹೋಗಿ ಕೂತ್ಕೋ. ನಾನು ರಸ್ತೆ ಕಡೆ ಇರ್ತೀನಿ," ಎನ್ನುವಷ್ಟು ಕಲಿತಿದ್ದಳು. ತೋಳು ಹಿಡಿಯಬೇಡ ಎಂದೆ. ಹಿಡಿಯಲಿಲ್ಲ. ಒಬ್ಬಳೇ ಹೋಗಿ ಒಬ್ಬಳೇ ಬಂದೆ. ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ಜುಲೈ 13, ಪ್ಯಾತ್ರಾ ನ್ಯಾಮ್ತ್‌ಗೆ ಮುಂಚೆ ಎಲ್ಲೋ

ತುರಿಕೆ ಗಿಡ. "ಇಲ್ಲ" ಎಂದಿದ್ದಳು. ಇತ್ತು. ಇವತ್ತು ಕೂತು ಬರೆಯುವ ಸ್ಥಿತಿಯಲ್ಲಿಲ್ಲ.

ಜುಲೈ 14, ಬಿಸ್ತ್ರಿತ್ಸಾ ಕಣಿವೆ

ಊಟಕ್ಕೆ ಒಂದು ಹಳ್ಳಿಯ ಕೈಬಾವಿಯ ಪಕ್ಕ ಕೂತೆವು. ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ. ಮೊಟ್ಟೆ, ಟೊಮೇಟೊ, ದಾರಿಯಲ್ಲಿ ಕೊಂಡ ಉಪ್ಪುಗಿಣ್ಣು. ನನ್ನ ಬಾಟಲಿಯನ್ನು ಎಂದಿನಂತೆ ತಲೆಕೆಳಗು ಮಾಡಿ ಪರೀಕ್ಷಿಸಿದಳು.

"ಈ ಗಡಿಯಾರದ ಹುಚ್ಚು ಎಲ್ಲಿಂದ ಬಂತು ನಿನಗೆ?" ಎಂದೆ. ಜಗಳಕ್ಕೆಂದೇ ಕೇಳಿದ್ದು.

ಅವಳು ಜಗಿಯುತ್ತ ಹೇಳಿದಳು. ಗಿರಣಿಯ ತಂಡಕ್ಕೆ ಒಬ್ಬ ತರಬೇತುದಾರನಿದ್ದ. ಓಟದಲ್ಲಿ ಹುಡುಗಿಯರು ಇಳಿಯಬಾರದು. ಯಾರು ಎಷ್ಟು ಕುಡಿದರೆಂದು ಅವನೇ ಬಾಟಲಿ ಅಳೆಯುತ್ತಿದ್ದ, ಜಾಸ್ತಿ ಕುಡಿದವಳಿಗೆ ಎಲ್ಲರೆದುರು ಬೈಗುಳ. "ಒಂದು ಓಟದಲ್ಲಿ ನಾನು ಹಂಗೇ ಬಿಟ್ಕೊಂಡೆ. ಸೀಟಿನ ಮೇಲೆ. ತುಳೀತಾನೇ ಇದ್ದೆ. ಗೆದ್ದೆ ಬೇರೆ. ವೇದಿಕೆ ಮೇಲೆ ಹೂಗುಚ್ಛ ಕೊಟ್ರು, ಅದನ್ನ ಕೆಳಗೆ ಅಡ್ಡ ಹಿಡ್ಕೊಂಡು ನಿಂತಿದ್ದೆ." ಮೊಟ್ಟೆಯ ಸಿಪ್ಪೆ ಒಡೆದ ಸದ್ದು. "ಅದಕ್ಕೇ ಗಡಿಯಾರ. ಗಡಿಯಾರ ಕೂಗಿದ್ರೆ ಯಾರೂ ಯಾರನ್ನೂ ಕೇಳ್ಬೇಕಾಗಿಲ್ಲ ಅಂದ್ಕೊಂಡೆ. ನೀನು ನೋಡಿದ್ರೆ ಅದಕ್ಕೂ ಉರ್ಕೊಂಡೆ."

ಉಪ್ಪುಗಿಣ್ಣು ಹುಳಿಯಾಗಿದೆ, ತಿನ್ನಬೇಡ ಎಂದೆ. "ನನ್ನ ಹೊಟ್ಟೆ ಕಬ್ಬಿಣ," ಎಂದು ನನ್ನ ಪಾಲನ್ನೂ ತಿಂದಳು ಸಫ್ತಾ.

ಜುಲೈ 15, ವಾತ್ರಾ ದೋರ್ನೆಯ್

ಕಬ್ಬಿಣ ಕರಗಿತು.

ಬೆಳಗ್ಗೆ ಹೊರಟಾಗಲೇ ತುಳಿತದಲ್ಲಿ ಏನೋ ತಪ್ಪಿತ್ತು. ನಾಲ್ಕು ಸುತ್ತು ಸರಿಯಾಗಿ ಬರುವುದು, ಐದನೆಯದಕ್ಕೆ ಅವಳ ಮೈ ಸೀಟಿನ ಮೇಲೆ ಬಿಗಿದುಕೊಳ್ಳುವುದು. ಉಸಿರು ಹಿಡಿಯುವುದು, ಬಿಡುವುದು. "ಏನಾಯ್ತು?" ಎಂದರೆ "ಏನಿಲ್ಲ, ತುಳಿ." ಮತ್ತೆ ಬಿಗಿಯುವುದು. ಹಟಮಾರಿ ಹೆಂಗಸು. ನನಗೆ ಅಷ್ಟೆಲ್ಲ ಉಪದೇಶ ಮಾಡಿದವಳು.

"ನಿಲ್ಲಿಸು," ಎಂದೆ. "ನನಗೆ ಬಂದಿದೆ."

ನನಗೆ ಬಂದಿರಲಿಲ್ಲ. ಅವಳು ಸೈಕಲನ್ನು ನನ್ನ ಕೈಗೆ ಬಿಟ್ಟು ಓಡಿಯೇ ಹೋದಳು. ಹತ್ತು ನಿಮಿಷ ಬಿಟ್ಟು ಬಂದು, "ನೀನು ಹೋಗಲ್ವಾ?" ಎಂದಳು. "ಹೋಯ್ತು," ಎಂದೆ. ಅವಳು ಸೈಕಲ್ ಹತ್ತಿದಳು. ಹಾಗೇ ಬೆಳಗಿನಿಂದ ಮಧ್ಯಾಹ್ನದವರೆಗೆ ನನಗೆ ಎಷ್ಟು ಸಲ 'ಬಂತೋ'.

ಆಮೇಲೆ ಕೆರೆಯ ರಸ್ತೆ. ಅಲ್ಲಿ ಮರೆ ಎಂಬುದೇ ಇಲ್ಲ. ಒಂದು ಕಡೆ ನೆಟ್ಟಗೆ ಬಂಡೆ, ಇನ್ನೊಂದು ಕಡೆ ತಗಡಿನ ತಡೆ, ಅದರಾಚೆ ನೀರಿನವರೆಗೆ ಇಳಿಜಾರು. ಸಫ್ತಾ ನಿಲ್ಲಿಸಿದಳು. "ಆಗಲ್ಲ," ಎಂದಳು. "ಇಲ್ಲೆಲ್ಲೂ ಜಾಗ ಇಲ್ಲ. ಆಗಲ್ಲ ಸಾಂಡಾ." ಅಳುತ್ತಿದ್ದಳೆಂದು ಕಾಣುತ್ತದೆ, ನಾನು ಮುಟ್ಟಿ ನೋಡಲಿಲ್ಲ.

ಮಳೆಕೋಟು ತೆಗೆದು ಎರಡೂ ಕೈಯಲ್ಲಿ ಅಗಲಿಸಿ ಹಿಡಿದೆ. "ಬಂಡೆ ಬುಡಕ್ಕೆ ಕೂತ್ಕೋ. ಗಾಡಿ ಎಲ್ಲಿಂದ ಬರುತ್ತೆ ಅನ್ನೋದು ನನಗೆ ಬಿಡು." ಲಾರಿಗಳು ತಿರುವಿನಾಚೆ ಇರುವಾಗಲೇ ನೆಲದಲ್ಲಿ ತಿಳಿಯುತ್ತಿದ್ದವು, ಆ ಕಡೆಗೆ ಕೋಟು ತಿರುಗಿಸುತ್ತಿದ್ದೆ. ಕೆಲವರು ಹಾರನ್ ಹೊಡೆದರು. ಒಂದು ಕಾರು ನಿಧಾನವಾಯಿತು, ಪಕ್ಕದಲ್ಲೇ ನಿಂತಿತು. ಹಾಡು ಹಾಕಿದ್ದರು. ಕಿಟಕಿ ಇಳಿದ ಸದ್ದು, ಹುಡುಗರ ನಗು.

"ಏನಕ್ಕ, ಪರದೆ ಹಿಂದೆ ಏನಿದೆ? ನಮಗೂ ತೋರ್ಸಿ. ಫೋನಲ್ಲಿ ತೆಗೀತೀವಿ."

ನನ್ನ ಬೆನ್ನ ಹಿಂದೆ ಸಫ್ತಾಳ ಉಸಿರು ನಿಂತುಹೋಯಿತು. ಏಳಲಾರಳು, ಹಾಗೇ ಇರಲೂ ಆರಳು.

ದನಿ ಬಂದ ಕಡೆಗೆ ನಾಲ್ಕು ಹೆಜ್ಜೆ ಇಟ್ಟೆ, ಕೋಟನ್ನು ಅವರ ಕಿಟಕಿಯ ಮೇಲೇ ಹೊದಿಸಿದೆ, ಎರಡೂ ಕೈಯಿಂದ ಒತ್ತಿ ಹಿಡಿದೆ. "ತೆಗಿ. ಏನು ಬೇಕೋ ತೆಗಿ. ನಂದು ಫೋನಲ್ಲಿ ದೂರು ತಗೊಳ್ಳೋ ಕೆಲಸ ಕಣೋ, ದಿನಾ ಇಡೀ ಊರು ನನ್ನನ್ನ ಬೈಯುತ್ತೆ. ದನಿ ಒಂದ್ಸಲ ಕೇಳಿದ್ರೆ ನಾನು ಮರೆಯಲ್ಲ. ನೀನು ಎದುರಿಗಿರೋನು, ಮೂಗಲ್ಲಿ ಮಾತಾಡ್ತೀಯ. ಹಿಂದೆ ಕೂತು ನಗ್ತಿರೋನಿಗೆ ಹಲ್ಲು ಸಂದಿಯಲ್ಲಿ ಗಾಳಿ ಬರುತ್ತೆ. ಇಳೀರಿ. ಪರದೆ ಹಿಂದೆ ಏನಿದೆ ಅಂತ ಅವಳು ಎದ್ದು ನಿಮ್ಮ ಸೀಟಿನ ಮೇಲೇ ತೋರಿಸ್ತಾಳೆ."

ಕಾರು ಹೊರಟಿತು, ಕೋಟಿನ ಒಂದು ತೋಳು ಹರಿದುಕೊಂಡು ಹೋಯಿತು.

ಆಮೇಲೆ ನೀರಿಗೆ ಉಪ್ಪು ಸಕ್ಕರೆ ಕಲಸಿ ಕೊಟ್ಟೆ. ಬಾಟಲಿ ತೆಗೆದುಕೊಂಡು ತಲೆಕೆಳಗು ಮಾಡಿ ನೋಡಿದೆ. "ಇನ್ನೂ ಇದೆ. ಮುಗಿಸು."

"ನಿನಗೆ ಬಾಯಿ ಜಾಸ್ತಿ," ಎಂದಳು ಸಫ್ತಾ, ಕುಡಿಯುತ್ತ.

"ನಿನ್ನಷ್ಟಿಲ್ಲ."

ಕತ್ತಲಾಗುವ ಮುಂಚೆ ತಲುಪಿದೆವು. ಅವಳು ಮಲಗಿದ್ದಾಳೆ. ನನ್ನ ಚುಚ್ಚುವ ಸದ್ದಿಗೆ ಎಚ್ಚರವಾಗುತ್ತದೆ ಎಂದು ಮೊದಲ ದಿನದಿಂದ ಗೊಣಗುತ್ತಾಳೆ, ಅದಕ್ಕೇ ಇದನ್ನು ಹೊರಗೆ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ.

ಜುಲೈ 17, ದಾರಿಯಲ್ಲಿ, ಕಾರಿನೊಳಗೆ

ನಿನ್ನೆಯದನ್ನು ಬರೆಯಬೇಕು.

ಸಫ್ತಾಳ ಕಾಲಲ್ಲಿ ಹತ್ತಿಯಷ್ಟೂ ಬಲವಿರಲಿಲ್ಲ. ಒಣ ಬಳೆರೊಟ್ಟಿ ಬಿಟ್ಟರೆ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಪ್ರಿಸ್ಲೋಪ್ ಏರನ್ನು ಬಹುಪಾಲು ನಾನೇ ತುಳಿದೆ. ಅವಳು ಹ್ಯಾಂಡಲ್ ಹಿಡಿದು ದಾರಿ ಹೇಳಿದಳು: "ಎಡ ತಿರುವು, ಕಡಿದು. ಈಗ ಸ್ವಲ್ಪ ಸಪಾಟು. ಉಸಿರು ತಗೋ." ಗಡಿಯಾರ ಯಾವಾಗ ನಿಂತಿತ್ತೋ, ಇಬ್ಬರೂ ಗಮನಿಸಿರಲಿಲ್ಲ. ನೀರು ಬೇಕಾದಾಗ ನೀರು ಎಂದೆವು, ನಿಲ್ಲಬೇಕಾದಾಗ ನಿಲ್ಲಿಸು ಎಂದೆವು. ಶಿಖರದಲ್ಲಿ ದೇವದಾರು ವಾಸನೆ, ಮಠದ ಗಂಟೆ. ಐದು ದಾಟಿತ್ತು.

ಇಳಿಜಾರಿನಲ್ಲಿ ಹಾರಿಕೊಂಡು ಬಂದೆವು. ಕಿವಿಯಲ್ಲಿ ಗಾಳಿ ಬಟ್ಟೆ ಹರಿದ ಹಾಗೆ ಸದ್ದು ಮಾಡುತ್ತಿತ್ತು. "ಸಿಗುತ್ತೆ," ಎಂದು ಸಫ್ತಾ ಕೂಗಿದಳು, "ಹಿಂಗೇ ಹೋದ್ರೆ ಆರರೊಳಗೆ ಸಿಗುತ್ತೆ." ಬೋರ್ಷಾದ ಮೊದಲ ಮನೆಗಳ ನಾಯಿಗಳು ಬೊಗಳುವುದು ಕೇಳಿಸಿತು. ಆಗ ನನಗೆ ಬಂತು. ಏರಿನಲ್ಲಿ ಕುಡಿದದ್ದೆಲ್ಲ ಒಟ್ಟಿಗೆ ಬಂತು, ಜೊತೆಗೆ ಆ ಹಳೆಯ ಉರಿಯ ಒಂದು ಎಳೆ.

"ನಿಲ್ಲಿಸು."

"ಇನ್ನೇನು ಬಂತು ಕಣೇ. ಸ್ವಲ್ಪ ಹಿಡ್ಕೋ."

"ನಿಲ್ಲಿಸು ಅಂದೆ."

ಅವಳ ಬೆನ್ನು ಗಟ್ಟಿಯಾಯಿತು. ಒಂದು ಕ್ಷಣ ಸೈಕಲ್ ಹಾಗೇ ಉರುಳಿತು. ಆಮೇಲೆ ಬ್ರೇಕ್. "ಎಡಗಡೆ ಸೌದೆ ರಾಶಿ," ಎಂದಳು. "ಎದೆ ಮಟ್ಟ. ಹಿಂದುಗಡೆ ಹುಲ್ಲು, ತುರಿಕೆ ಇಲ್ಲ, ಈ ಸಲ ನೋಡಿದೀನಿ." ಮೇಲಂಗಿ, ಪಟ್ಟಿ, ಚಡ್ಡಿ. ಅವಸರ ಮಾಡಲಿಲ್ಲ. ನಾನು ಬಂದ ಮೇಲೆ ಅವಳೂ ಹೋದಳು, "ನಿಂತಿದ್ದಾಗಿದೆಯಲ್ಲ, ಇನ್ನೇನು," ಎಂದುಕೊಂಡು.

ಗೆರೆಯ ಹತ್ತಿರ ಬಂದಾಗ ಬುಸ್ಸೆನ್ನುವ ಸದ್ದು. ಗಾಳಿ ತುಂಬಿ ನಿಲ್ಲಿಸಿದ್ದ ಸ್ವಾಗತ ಕಮಾನಿನಿಂದ ಗಾಳಿ ಬಿಡುತ್ತಿದ್ದರು. ಅದು ನಮ್ಮ ಮೇಲೇ ಮೆತ್ತಗೆ ಕುಸಿಯಿತು, ಸಫ್ತಾ ಬೈಯುತ್ತ ಅದರಡಿಯಿಂದ ಸೈಕಲ್ ಎಳೆದಳು. ವೇಳೆ ಬರೆಯುವ ನೆಲು ಓಡಿ ಬಂದ. "ಛೆ, ಈಗಷ್ಟೇ ಮುಚ್ಚಿದ್ವಿ. ಇರ್ಲಿ ಬಿಡಿ, ಆರಕ್ಕೇ ಬಂದ್ರಿ ಅಂತ ಬರೀತೀನಿ. ನಿಮ್ಮಂಥೋರಿಗೆ ಅಷ್ಟೂ ಮಾಡ್ದಿದ್ರೆ ಹೆಂಗೆ?"

"ನಮ್ಮಂಥೋರು ಅಂದ್ರೆ ಯಾರು?" ಎಂದೆ.

ಅವನು ತೊದಲಿದ.

"ತಡವಾಗಿ ಬಂದೋರು," ಎಂದಳು ಸಫ್ತಾ. "ಬಂದ ಹೊತ್ತನ್ನೇ ಬರಿಯಪ್ಪ. ಆಮೇಲೆ ಎಲ್ಲಾದ್ರೂ ಸೂಪಿದ್ರೆ ಹೇಳು."

ಹೀಗೆ ಮೂರನೆಯ ಸಲವೂ ಸಮಯಕ್ಕೆ ಮುಗಿಸಿದವರ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ರಾತ್ರಿ ಅಳು ಬರುತ್ತದೆ ಎಂದುಕೊಂಡು ಕಾದೆ. ನಿದ್ದೆ ಬಂತು.

ನಿನ್ನೆ ಗೆರೆಯ ಹತ್ತಿರವೇ ಹೊರಿಯಾ ಕಾರು ತಂದು ಕಾದಿದ್ದ. ಗುಂಪಿನ ನಡುವೆಯೂ ಅವನ ಹೆಜ್ಜೆ ಗೊತ್ತಾಯಿತು, ಮೊದಲಿಗಿಂತ ನಿಧಾನ. ಅಪ್ಪಿಕೊಂಡ. ಮೈ ಸಣ್ಣಗಾಗಿದೆ. ಬಹಳ ಹೊತ್ತು ಬಿಡಲಿಲ್ಲ, ನಾನೂ ಬಿಡಲಿಲ್ಲ. ಆಮೇಲೆ ಮೊಣಕೈ ಹಿಡಿದು ನಡೆಸತೊಡಗಿದ.

"ಎಲ್ಲಿಗೆ?"

"ಅಲ್ಲೇ, ಹಿಂದೆ. ಶುಚಿಯಾಗಿದೆ, ನೋಡಿ ಬಂದಿದೀನಿ."

"ನನಗೆ ಬೇಡ."

"ಅಷ್ಟು ದೂರದಿಂದ ಬಂದಿದ್ದೀಯ..."

"ಬೇಡ ಅಂದ್ನಲ್ಲ ಹೊರಿಯಾ. ಬೇಕಾದಾಗ ಹೇಳ್ತೀನಿ." ಮೊಣಕೈ ಬಿಡಿಸಿಕೊಂಡೆ. ಜೋರಾಗಿಯೇನೂ ಅಲ್ಲ.

ಅವನು ನಿಂತುಬಿಟ್ಟ. ಪಕ್ಕದಲ್ಲಿ ಸಫ್ತಾ ಕರಮ್ ಕುರುಮ್ ಎಂದು ಒಣರೊಟ್ಟಿ ಜಗಿಯುತ್ತಿದ್ದಳು. ಅದೂ ನಿಂತಿತು.

"ಹಂಗಾದ್ರೆ ನಾನೇನು ಮಾಡ್ಲಿ?" ಎಂದ ಹೊರಿಯಾ. ವಿಚಿತ್ರವಾಗಿತ್ತು ದನಿ. ಅವನಿಗೆ ಏನಾಗಿದೆಯೋ, ಇವತ್ತು ಬೆಳಗಿನಿಂದಲೂ ಹೆಚ್ಚು ಮಾತಿಲ್ಲ. ಗುಳಿಗೆಗಳ ಪ್ರಭಾವವಿರಬೇಕು, ಅಥವಾ ಅಷ್ಟು ದೂರ ಕಾರು ಓಡಿಸಿದ ಸುಸ್ತು.

"ನೀರು ಕೊಡು," ಎಂದೆ. "ತುಂಬ ಬಾಯಾರಿದೆ."

ಕಾರಿನಿಂದ ಬಾಟಲಿ ತಂದು ಕೊಟ್ಟ. ಬಿಸಿಲಲ್ಲಿ ಕಾದು ಪ್ಲಾಸ್ಟಿಕ್ ವಾಸನೆ ಬರುತ್ತಿತ್ತು. ಪೂರ್ತಿ ಕುಡಿದೆ.